‘ಎಡಕ್ಕ’ ಎಂದು ಕೂಗಿದ ಚಳಿಗಾಲ

ಕಳೆದ ವಾರ ನಮ್ಮ ಔಷಧ ಅಂಗಡಿಗೆ ಒಬ್ಬ ಹುಡುಗಿ ಕುಂಟುತ್ತ ಬಂದಳು. ಮೊಣಕಾಲಿನವರೆಗೆ ಕೆಸರು. ಬೂಟುಗಳನ್ನು ಕೈಯಲ್ಲಿ ಹಿಡಿದು ಬರೀ ಕಾಲುಚೀಲದಲ್ಲಿ ನಿಂತಿದ್ದಳು. ಮೀನಖಂಡ ಹಿಡಿದುಕೊಂಡಿದೆ, ಏನಾದರೂ ಕೊಡಿ ಎಂದಳು. ಮೈದಾನದಲ್ಲೇ ಯಾರೋ ಅವಳಿಗೆ ಮುಲಾಮು ತಿಕ್ಕಿದ್ದರು. ಆ ಮುಲಾಮಿನ ಘಾಟು, ಒದ್ದೆ ಹುಲ್ಲಿನ ವಾಸನೆ, ಜಿಗುಟು ಕೆಸರಿನ ವಾಸನೆ ಎಲ್ಲ ಸೇರಿ ಕೌಂಟರು ದಾಟಿ ನನ್ನ ಮೂಗಿಗೆ ಬಂದವು. ಅವಳಿಗೆ ಬೇಕಾದದ್ದನ್ನು ಕೊಟ್ಟು, ಬಳಸುವ ರೀತಿ ಹೇಳಿ ಕಳಿಸಿದೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಸುಮ್ಮನೆ ಕೂತೆ. ಜೊತೆಯಲ್ಲಿ ಕೆಲಸ ಮಾಡುವವಳು ಬಾಗಿಲಲ್ಲಿ ಇಣುಕಿ, “ಶೈಲಾ, ಹುಷಾರಿದ್ದೀಯಾ?” ಎಂದು ಕೇಳಿದಳು. ಹುಷಾರಿದ್ದೇನೆ ಎಂದೆ. ಅವಳಿಗೆ ಹೇಳಲು ಹೊರಟರೆ ಒಂದು ಇಡೀ ಚಳಿಗಾಲವನ್ನು ಹೇಳಬೇಕಾಗುತ್ತಿತ್ತು.

ನನ್ನ ಗಂಡ ಬಸವರಾಜ ಬೆಳಗಾವಿಯವರು. ಪಾಲಿಟೆಕ್ನಿಕ್‌ನಲ್ಲಿ ಓದುವಾಗ ಫುಟ್‌ಬಾಲ್ ತಂಡದಲ್ಲಿ ಆಡಿದವರು. ನಾನು ಧಾರವಾಡದವಳು, ಮದುವೆಯ ತನಕ ಫುಟ್‌ಬಾಲ್ ಚೆಂಡನ್ನು ಕೈಯಲ್ಲಿ ಹಿಡಿದವಳೂ ಅಲ್ಲ. ಲಂಡನ್ನಿಗೆ ಬಂದ ಮೇಲೆ ಅವರಿಗೆ ನಾವಿರುವ ಕಿಂಗ್ಸ್‌ಬರಿಯಿಂದ ಸ್ವಲ್ಪ ದೂರದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹದಿನಾರು ದಾಟಿದ ಹುಡುಗರಿಗೆ ಪ್ಲಂಬಿಂಗು, ಮರಗೆಲಸ, ವೈರಿಂಗು ಹೇಳಿಕೊಡುವ ಕಾಲೇಜು ಅದು. ಇವರು ವೈರಿಂಗಿನ ಮೇಷ್ಟ್ರು. ಬುಧವಾರ ಮಧ್ಯಾಹ್ನ ಪಾಠವಿರುತ್ತಿರಲಿಲ್ಲ. ಆವತ್ತು ಕಾಲೇಜು ತಂಡಗಳ ಪಂದ್ಯ. ಮಳೆಯಿರಲಿ, ಮಂಜಿರಲಿ, ಇವರು ಗೆರೆಯ ಪಕ್ಕ ನಿಂತಿರುತ್ತಿದ್ದರು. ಸಂಜೆ ಮನೆಗೆ ಬಂದು ಕೋಚ್‌ಗಳನ್ನು ಬೈಯುತ್ತ ಊಟ ಮಾಡುತ್ತಿದ್ದರು.

“ದಿನಾ ಕ್ಲಾಸಿನ್ಯಾಗ ನೋಡೋ ಹುಡುಗ್ರನ್ನ ಮತ್ತೇನ್ ನೋಡಾಕ ಹೋಗ್ತೀರಿ?” ಎಂದು ನಾನು ಒಮ್ಮೆ ಕೇಳಿದ್ದೆ.

“ಕ್ಲಾಸಿನ್ಯಾಗ ಅವ್ರು ಮಾರಿ ಮುಚ್ಕೊಂಡು ಕುಂತಿರ್ತಾರ, ಶೈಲಾ. ಮೈದಾನದಾಗ ತೋರಸ್ತಾರ,” ಎಂದಿದ್ದರು.

ನಾನು ಹೇಳುತ್ತಿರುವ ವರ್ಷದ ಆಗಸ್ಟಿನಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಹೋದವು. ಅವುಗಳ ಜೊತೆ ಮಾತೂ ಹೋಯಿತು. ಇಷ್ಟು ವರ್ಷ ತರಗತಿಯಲ್ಲಿ ಆಡಿದ ಇಂಗ್ಲಿಷು ಪೂರ್ತಿ ಅಳಿಸಿಹೋಗಿತ್ತು. ಕನ್ನಡದಲ್ಲಿ ಉಳಿದದ್ದೆಂದರೆ ‘ಹೂಂ’, ‘ಬ್ಯಾಡ’, ‘ಅದು’, ನನ್ನ ಹೆಸರು, ಜೊತೆಗೆ ಬೆಳಗಾವಿಯ ಒಂದಷ್ಟು ಬೈಗುಳ. ನೀರು ಬೇಕಾದರೆ ನೀರು ಎನ್ನಲು ಬರುತ್ತಿರಲಿಲ್ಲ. ಆದರೆ ಕೈಯಿಂದ ಚಮಚ ಬಿದ್ದರೆ ಬೈಗುಳ ಮಾತ್ರ ಸ್ವಚ್ಛವಾಗಿ ಹೊರಬರುತ್ತಿತ್ತು. ಮಾತು ಕಲಿಸಲು ಮನೆಗೆ ಬರುತ್ತಿದ್ದ ಹೆಲೆನ್ ಎಂಬಾಕೆಗೆ ಅದು ಆಶ್ಚರ್ಯವೇ ಅಲ್ಲ. ಬೈಗುಳ, ಪ್ರಾರ್ಥನೆ, ಎಣಿಕೆ ಇವೆಲ್ಲ ಬೇರೆ ದಾರಿಯಲ್ಲಿ ಬರುತ್ತವೆ, ಅವಕ್ಕೆ ಅಡ್ಡಿ ಕಡಿಮೆ ಎಂದು ವಿವರಿಸಿದಳು. ನನಗೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: “ಅವರ ಮಾತನ್ನು ನೀವು ಮುಗಿಸಬೇಡಿ. ಕಾಯಿರಿ.”

ಕಾಯುವುದು ನನ್ನಿಂದ ಆಗುತ್ತಿರಲಿಲ್ಲ. ಅವರು ಬಾಯಿ ತೆರೆಯುವುದರೊಳಗೆ ನಾನು ನೀರು, ಚಹಾ, ಕಂಬಳಿ, ಟೀವಿ ಎಂದು ಒಂದೊಂದೇ ಹೇಳಿ ಮುಂದಿಡುತ್ತಿದ್ದೆ. ಮನೆಯೊಳಗಿನ ಚಾಪೆಗಳನ್ನೆಲ್ಲ ತೆಗೆದೆ, ಮೇಜಿನ ಮೂಲೆಗಳಿಗೆ ಸ್ಪಂಜು ಅಂಟಿಸಿದೆ. ಬ್ರಿಸ್ಟಲ್‌ನಲ್ಲಿರುವ ಮಗಳು ಪಲ್ಲವಿ ದಿನಾ ಫೋನು ಮಾಡುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಇಂಗ್ಲಿಷಿನಲ್ಲಿ. “ನೋ ರಿಸ್ಕ್ಸ್, ಅಮ್ಮಾ” ಎಂದು ಹೇಳಿಯೇ ಫೋನು ಇಡುತ್ತಿದ್ದಳು.

ಅಕ್ಟೋಬರಿನ ಒಂದು ಬುಧವಾರ ಊಟವಾದ ಮೇಲೆ ಅವರು ಕೂತಲ್ಲಿ ಕೂರಲಿಲ್ಲ. ಎಡಗೈಯಿಂದ ಗಾಲಿಕುರ್ಚಿಯ ತೋಳನ್ನು ಕುಟ್ಟುವುದು, ಗೋಡೆಯ ಗಡಿಯಾರ ನೋಡುವುದು, ಬಾಗಿಲ ಹಿಂದೆ ನೇತುಹಾಕಿದ್ದ ಕೋಟು ನೋಡುವುದು. ನಾನು ಎಂದಿನಂತೆ ಹೇಳುತ್ತಾ ಹೋದೆ. ಬಾತ್‌ರೂಮು? ಬ್ಯಾಡ. ಹಾಸಿಗೆ? ಬ್ಯಾಡ. ಡಾಕ್ಟರು? ಒಂದು ಬೈಗುಳ. ಕೊನೆಗೆ, “ಮ್ಯಾಚ್ ಏನ್ರೀ?” ಎಂದೆ. ಅವರ ಕಣ್ಣಲ್ಲಿ ನೀರು ಬಂತು.

ಕುರ್ಚಿಯನ್ನು ಬಸ್ಸಿಗೆ ಹತ್ತಿಸಿಕೊಂಡು ಹೊರಟೆ. ಕಾಲೇಜಿನ ಮೈದಾನ ಕಟ್ಟಡಗಳ ಹಿಂದೆ, ಟ್ಯೂಬ್ ರೈಲಿನ ಹಳಿಗೆ ಹತ್ತಿಕೊಂಡಿತ್ತು. ಹುಲ್ಲಿನ ಮೇಲೆ ಕುರ್ಚಿಯ ಗಾಲಿ ಹೂತುಹೋಗುತ್ತದೆಂದು ಗೆರೆಯ ಪಕ್ಕದ ಸಿಮೆಂಟಿನ ದಾರಿಯಲ್ಲಿ ನಿಲ್ಲಿಸಿಕೊಂಡೆ. ಸಣ್ಣಗೆ ಮಳೆ ಜಿನುಗುತ್ತಿತ್ತು. ನೋಡುವವರು ಹತ್ತಿಪ್ಪತ್ತು ಜನ, ಹೆಚ್ಚಿನವರು ತಾಯಂದಿರು. ಪಕ್ಕದಲ್ಲಿ ನಿಂತಿದ್ದ ಹೋದನ್ ಎಂಬ ಸೊಮಾಲಿ ಹೆಂಗಸು ನಮ್ಮಿಬ್ಬರ ಮೇಲೂ ಬರುವಂತೆ ಕೊಡೆ ವಾಲಿಸಿದಳು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಏಲಕ್ಕಿ, ದಾಲ್ಚಿನ್ನಿ ಹಾಕಿ ಕಾಯಿಸಿದ ಚಹಾ. ಅವಳ ಮಗ ಇದ್ರಿಸ್ ಪ್ಲಂಬಿಂಗ್ ಕಲಿಯುತ್ತಿದ್ದ. ತಂಡದಲ್ಲಿ ಎಲ್ಲರಿಗಿಂತ ಸಣ್ಣವನು, ಎಲ್ಲರಿಗಿಂತ ಚುರುಕು. ಎಡಗಾಲಿನ ಆಟಗಾರ.

ಹೊಸ ಕೋಚ್ ಆ ವರ್ಷವೇ ಬಂದವನು. ಹೆಸರು ಸ್ಟೀವ್. ನಲವತ್ತರ ಆಸುಪಾಸು, ಎಷ್ಟೇ ಚಳಿಯಿದ್ದರೂ ಚಡ್ಡಿ, ಒಂದು ಮೊಣಕಾಲಿನ ಮೇಲೆ ಉದ್ದದ ಶಸ್ತ್ರಚಿಕಿತ್ಸೆಯ ಗುರುತು. ತಾನೂ ಒಂದು ಕಾಲಕ್ಕೆ ಕ್ಲಬ್ಬೊಂದರಲ್ಲಿ ಆಡಿ, ಮೊಣಕಾಲು ಹೋದ ಮೇಲೆ ಕೋಚ್ ಆದವನಂತೆ. ಅವನು ತಂಡವನ್ನು ಆಡಿಸುವ ಕ್ರಮ ನನ್ನಂಥವಳಿಗೂ ಒಂದೆರಡು ವಾರದಲ್ಲೇ ತಿಳಿಯಿತು. ಮೊದಲು ಹೇಗಾದರೂ ಒಂದು ಗೋಲು. ಅದಾದೊಡನೆ ಎಲ್ಲರೂ ಹಿಂದಕ್ಕೆ ಬಂದು ತಮ್ಮ ಗೋಲಿನ ಮುಂದೆ ಗೋಡೆಯಂತೆ ನಿಲ್ಲಬೇಕು. ಉಳಿದ ಹೊತ್ತೆಲ್ಲ ಎದುರಾಳಿಗಳು ಆ ಗೋಡೆಯನ್ನು ಗುದ್ದುತ್ತಿದ್ದರು. ಒಮ್ಮೊಮ್ಮೆ ಗೋಡೆ ನಿಲ್ಲುತ್ತಿತ್ತು. ಹೆಚ್ಚಾಗಿ ಕಡೆಯ ಗಳಿಗೆಯಲ್ಲಿ ಬೀಳುತ್ತಿತ್ತು. ಎಡಗಾಲಿನ ಇದ್ರಿಸ್‌ನನ್ನು ಅವನು ಬಲಮೂಲೆಯಲ್ಲಿ, ಹಿಂದೆ, ಕಾವಲಿಗೆ ನಿಲ್ಲಿಸಿದ್ದ. ವೇಗ ಇದೆ, ಓಡಿ ತಡೆಯುತ್ತಾನೆ ಎಂಬುದು ಅವನ ಲೆಕ್ಕ.

ಮೊದಲ ದಿನವೇ ನನ್ನ ಗಂಡನಿಗೆ ಅದು ಸಹಿಸಲಾಗಲಿಲ್ಲ. ಇದ್ರಿಸ್‌ಗೆ ಚೆಂಡು ಸಿಕ್ಕಾಗಲೆಲ್ಲ ಕುರ್ಚಿಯಲ್ಲಿ ಮುಂದಕ್ಕೆ ಜರುಗುತ್ತಿದ್ದರು. ಗಂಟಲಿನಿಂದ ಏನೋ ಉರುಳುತ್ತ ಬರುತ್ತಿತ್ತು, ಬಾಯಿಗೆ ಬಂದು ನಿಲ್ಲುತ್ತಿತ್ತು. ನಾನು, “ಏನ್ರೀ, ಚಳಿ ಆಗಾಕತ್ತೇತೇನು?” ಎಂದು ಬಗ್ಗಿ ಶಾಲು ಸರಿಮಾಡುತ್ತಿದ್ದಾಗ ನನ್ನ ಕಿವಿಯ ಪಕ್ಕದಲ್ಲೇ ಕೂಗಿದರು:

“ಎಡಕ್ಕ!”

ಆಗಸ್ಟಿನಿಂದ ಈಚೆಗೆ ಅವರ ಬಾಯಿಂದ ಬಂದ ಮೊದಲ ಹೊಸ ಶಬ್ದ. ನಾನು ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡೆ. ಅವರು ಎಡಗೈ ಎತ್ತಿ ಮೈದಾನದ ಆ ಬದಿ ತೋರಿಸುತ್ತ ಮತ್ತೆ ಮತ್ತೆ ಕೂಗಿದರು. “ಎಡಕ್ಕ! ಎಡಕ್ಕ!” ಆಟ ನಿಂತ ಮೇಲೂ, ಬಸ್ಸಿನಲ್ಲೂ, ಮನೆಯ ಬಾಗಿಲಲ್ಲೂ ಅದನ್ನೇ ಹೇಳುತ್ತಿದ್ದರು, ಸಿಕ್ಕಿದ್ದು ಎಲ್ಲಿ ಮತ್ತೆ ಕಳೆದುಹೋಗುತ್ತದೋ ಎಂಬಂತೆ.

ಹೆಲೆನ್‌ಗೆ ಹೇಳಿದಾಗ, “ಹಾಗಾದರೆ ಪ್ರತಿ ಬುಧವಾರ ಹೋಗಲೇಬೇಕು, ಇದು ನನ್ನ ಔಷಧಚೀಟಿ ಅಂದುಕೊಳ್ಳಿ,” ಎಂದು ನಕ್ಕಳು. ಬುಧವಾರ ಮಧ್ಯಾಹ್ನ ನನಗೆ ಅಂಗಡಿಯಿಂದ ಬಿಡುವು ಸಿಕ್ಕಿತು. ನವೆಂಬರ್ ಬಂತು. ನಾಲ್ಕು ಗಂಟೆಗೆಲ್ಲ ಕತ್ತಲೆ. ಮೈದಾನದ ದೀಪಗಳ ಕೆಳಗೆ ಮಳೆಯ ಎಳೆಗಳು ಕಾಣುತ್ತಿದ್ದವು. ತಂಡ ಒಂದು ಗೋಲು ಹೊಡೆಯುವುದು, ಹಿಂದೆ ಸರಿಯುವುದು, ಸಮ ಮಾಡಿಕೊಳ್ಳುವುದು ಅಥವಾ ಸೋಲುವುದು. ಗೆರೆಯ ಪಕ್ಕ ನನ್ನ ಗಂಡ ಎಡಕ್ಕ ಎಂದು ಕೂಗುವುದು. ಆ ತಿಂಗಳೆಲ್ಲ ಇಷ್ಟೇ. ಹುಡುಗರಿಗೆ ಇವರು ಗೊತ್ತಿದ್ದವರು. ‘ಮಿಸ್ಟರ್ ಬಿ’ ಎಂದು ಕೈ ಬೀಸುತ್ತಿದ್ದರು. ಸ್ಟೀವ್ ಮಾತ್ರ ಒಮ್ಮೆಯೂ ನಮ್ಮ ಕಡೆ ತಿರುಗಿ ನೋಡುತ್ತಿರಲಿಲ್ಲ.

ತಿಂಗಳ ಕೊನೆಯ ಪಂದ್ಯ ಸೋತ ಮೇಲೆ ಅವನು ನೇರ ನಮ್ಮ ಹತ್ತಿರ ಬಂದ. ಮುಖ ಕೆಂಪಗಾಗಿತ್ತು.

“ಮೇಡಂ, ಇವರು ಇಲ್ಲಿ ಮೇಷ್ಟ್ರಾಗಿದ್ದವರು ಅಂತ ಗೊತ್ತು. ಹುಷಾರಿಲ್ಲ ಅಂತಲೂ ಗೊತ್ತು. ಆದರೆ ದಯವಿಟ್ಟು ಅವರಿಗೆ ಹೇಳಿ. ನಾನು ಹುಡುಗರಿಗೆ ಹಿಂದೆ ನಿಲ್ಲಿ ಅಂತ ಹೇಳ್ತಿರ್ತೀನಿ, ಇವರು ಇಲ್ಲಿಂದ ಅಟ್ಯಾಕ್ ಅಟ್ಯಾಕ್ ಅಂತ ಕೂಗ್ತಿರ್ತಾರೆ. ಹುಡುಗರು ಯಾರ ಮಾತು ಕೇಳಬೇಕು?”

ನನಗೆ ತಲೆಬುಡ ತಿಳಿಯಲಿಲ್ಲ. “ಅಟ್ಯಾಕ್? ಅವರಿಗೆ ಇಂಗ್ಲಿಷೇ ಬರೋದಿಲ್ಲ ಈಗ,” ಎಂದೆ. ಆಮೇಲೆ ಹೊಳೆಯಿತು. “ಅದು ಅಟ್ಯಾಕ್ ಅಲ್ಲ. ಎಡಕ್ಕ. ನಮ್ಮ ಭಾಷೆ. ಲೆಫ್ಟ್ ಅಂತ.”

“ಲೆಫ್ಟ್?”

“ಇದ್ರಿಸ್‌ನ ಎಡಗಡೆ ಹಾಕು ಅಂತ ಹೇಳ್ತಿದಾರೆ. ಅಷ್ಟೇ.”

ಸ್ಟೀವ್ ನನ್ನನ್ನು ನೋಡಿದ, ಅವರನ್ನು ನೋಡಿದ. ನನ್ನ ಗಂಡ ಎಡಗೈ ಎತ್ತಿ ಮತ್ತೊಮ್ಮೆ ಆ ಮೂಲೆ ತೋರಿಸಿದರು. ಹೋದನ್ ಮೊದಲು ನಕ್ಕಳು. ನಾನೂ ನಕ್ಕೆ. ಕೊನೆಗೆ ಸ್ಟೀವ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕುಬಿಟ್ಟ. ಅವನು ನಗುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಡಿಸೆಂಬರಿನಲ್ಲಿ, ರಜಾ ಶುರುವಾಗುವ ಮುಂಚಿನ ಪಂದ್ಯದಲ್ಲಿ ಇದ್ರಿಸ್ ಎಡಮೂಲೆಯಲ್ಲಿ ನಿಂತಿದ್ದ. ನೆಲವೆಲ್ಲ ಹಿಮಗಟ್ಟಿ, ಬೂಟುಗಳ ಕೆಳಗೆ ಹುಲ್ಲು ಕರಕರ ಅನ್ನುತ್ತಿತ್ತು. ಅವನು ಚೆಂಡನ್ನು ಕಾಲಿಗೆ ಅಂಟಿಸಿಕೊಂಡವನಂತೆ ಗೆರೆಯುದ್ದಕ್ಕೂ ನಮ್ಮ ಮುಂದೆಯೇ ಓಡಿದ. ಒಬ್ಬನನ್ನು ದಾಟಿದ, ಇನ್ನೊಬ್ಬ ಜಾರಿ ಬಿದ್ದ, ಚೆಂಡು ನಡುವಿಗೆ ಹೋಯಿತು, ಗೋಲು. ಆಮೇಲೆ ಮತ್ತೊಂದು. ನಾನು ಜೀವಮಾನದಲ್ಲಿ ಮೊದಲ ಸಲ ಆಟವೊಂದಕ್ಕೆ ಚಪ್ಪಾಳೆ ತಟ್ಟುತ್ತ ಕುಣಿದೆ. ಹೋದನ್ ನನ್ನ ಕುತ್ತಿಗೆಗೆ ಜೋತುಬಿದ್ದಿದ್ದಳು. ಗೆದ್ದ ಮೇಲೆ ಇದ್ರಿಸ್ ಕುರ್ಚಿಯ ಹತ್ತಿರ ಬಂದು ಕೊರೆಯುವ ಕೈಯಿಂದಲೇ ಅವರ ಎಡಗೈ ಕುಲುಕಿದ. “ಎಡಕ್ಕಾ, ಮಿಸ್ಟರ್ ಬಿ!” ಎಂದ.

ಆ ಸಂಜೆ ಅವರು ಎರಡು ರೊಟ್ಟಿ ಉಂಡರು. “ಬದ್ನಿಕಾಯಿ,” ಎಂದರು ಪಲ್ಯ ನೋಡಿ. ಆಮೇಲೆ, “ಖಾರ.” ಆಮೇಲೆ ಬಹಳ ಹೊತ್ತು ಹುಡುಕಿ, “ಇನ್ನಷ್ಟ್ ಹಾಕು.” ನಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತು ಅತ್ತೆ. ಪಲ್ಲವಿಗೆ ಫೋನು ಮಾಡಿ, ಅಪ್ಪ ಮೊದಲಿನಂತಾಗುತ್ತಾರೆ ಎಂದೆ. ಹಾಗೆ ಹೇಳಬಾರದಿತ್ತೇನೋ; ಆದರೆ ಆ ರಜೆಯ ಎರಡು ವಾರ ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ನಂಬಿದ್ದೆವು.

ಜನವರಿಯಲ್ಲಿ ಮೈದಾನಕ್ಕೆ ಹೋದರೆ ಇದ್ರಿಸ್ ಮತ್ತೆ ಬಲಕ್ಕೆ, ಹಿಂದೆ ನಿಂತಿದ್ದ.

ನನ್ನ ಗಂಡ ಮೊದಲು ಕಣ್ಣು ತಿಕ್ಕಿಕೊಂಡರು. ಆಮೇಲೆ ಕೂಗಿದರು. ಸ್ಟೀವ್ ಬೆನ್ನು ತಿರುಗಿಸಿಯೇ ನಿಂತಿದ್ದ. ಒಂದು ಗೋಲು ಹೊಡೆದು ಗೋಡೆ ಕಟ್ಟಿದರು, ಗೋಡೆ ಬಿತ್ತು. ಮುಂದಿನ ವಾರವೂ ಅದೇ. ಅದರ ಮುಂದಿನ ವಾರ ಗೋಲೇ ಇಲ್ಲದ ಆಟ. ಇಪ್ಪತ್ತೆರಡು ಜನ ಕೆಸರಿನಲ್ಲಿ ಒಬ್ಬರನ್ನೊಬ್ಬರು ತಳ್ಳಾಡಿ ಮನೆಗೆ ಹೋದರು.

“ಅವನನ್ನು ಬೈಯಬೇಡಿ,” ಎಂದಳು ಹೋದನ್. ಅವಳಿಗೆ ಮಗನಿಂದ ಸುದ್ದಿ ಗೊತ್ತಾಗಿತ್ತು. ತಂಡ ಈ ವರ್ಷ ಕೆಳಗಿನ ಡಿವಿಷನ್ನಿಗೆ ಇಳಿದರೆ, ಕಸುಬಿನ ಪಾಠಗಳ ಜೊತೆ ನಡೆಸುತ್ತಿದ್ದ ಫುಟ್‌ಬಾಲ್ ಕೋರ್ಸನ್ನೇ ಮುಚ್ಚುವುದಾಗಿ ಕಾಲೇಜಿನವರು ರಜೆಯಲ್ಲಿ ಸ್ಟೀವ್‌ಗೆ ತಿಳಿಸಿದ್ದರು. ಮುಚ್ಚಿದರೆ ಅವನ ಕೆಲಸ ಹೋಗುತ್ತದೆ. ಬರೀ ಆಟದ ಆಸೆಗಾಗಿ ಕಾಲೇಜಿಗೆ ಬರುತ್ತಿರುವ ಹುಡುಗರೂ ಹೋಗುತ್ತಾರೆ. “ಪಾಪ, ಹೆದರಿದ್ದಾನೆ,” ಎಂದಳು. “ಹೆದರಿದವನು ಬಾಗಿಲು ಹಾಕ್ಕೊಳ್ಳದೆ ಏನು ಮಾಡ್ತಾನೆ?”

ಮನೆಗೆ ಬಂದು ನಾನು ಅದನ್ನು ನನ್ನ ಗಂಡನಿಗೆ ವಿವರಿಸಿದೆ. ಅವರು ಗೋಡೆ ನೋಡುತ್ತ ಕೇಳಿಸಿಕೊಂಡರು. ಡಿಸೆಂಬರಿನಲ್ಲಿ ಬಂದಿದ್ದ ಮಾತುಗಳು ಒಂದೊಂದೇ ಹಿಂದೆ ಸರಿಯತೊಡಗಿದವು. ಬದನೆಕಾಯಿ ಮತ್ತೆ ‘ಅದು’ ಆಯಿತು. ಹೆಲೆನ್, ಇದೆಲ್ಲ ಸಹಜ, ಏರಿಳಿತ ಇರುತ್ತದೆ ಎಂದಳು. ಅವಳ ಮುಖದಲ್ಲಿ ಮೊದಲಿನ ಹುರುಪಿರಲಿಲ್ಲ. ಆ ಚಳಿಗಾಲದಲ್ಲಿ ಸೂರ್ಯನನ್ನು ನೋಡಿದ ನೆನಪೇ ನನಗಿಲ್ಲ. ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜಿಗೆ ಬೂದು ಬಣ್ಣ ಬಳಿದಂತೆ ಇರುತ್ತಿತ್ತು, ಸಂಜೆಯವರೆಗೂ ಹಾಗೇ.

ಫೆಬ್ರವರಿಯ ಒಂದು ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಿದ್ದೆ. ಹೊರಗೆ ಅಪರೂಪಕ್ಕೆ ಮಂಜು ಬೀಳುತ್ತಿತ್ತು. ತಿರುಗಿ ನೋಡಿದರೆ ಅವರು ಕುರ್ಚಿಯಿಂದ ಎದ್ದು ನಿಂತಿದ್ದಾರೆ. ಎಡಗೈಯಲ್ಲಿ ಆಸ್ಪತ್ರೆಯವರು ಕೊಟ್ಟಿದ್ದ ಊರುಗೋಲು. ಕಿಟಕಿಯತ್ತ ಹೋಗಲು ಎಡಗಾಲು ಮುಂದಿಟ್ಟು ಬಲಗಾಲು ಎಳೆಯುತ್ತಿದ್ದಾರೆ. ನಾನು ಕೈಯಲ್ಲಿದ್ದದ್ದನ್ನೆಲ್ಲ ಚೆಲ್ಲಿ ಓಡಿದೆ. ತೋಳು ಹಿಡಿದು ಒತ್ತಿ ಕುರ್ಚಿಗೆ ಕೂರಿಸಿದೆ.

“ಬಿದ್ದು ಗಿದ್ದೀರಿ! ಏನ್ ಬೇಕು ನಿಮಗ? ಮಂಜು ನೋಡಬೇಕಾ? ನಾ ಕುರ್ಚಿ ದೂಡ್ತಿದ್ದಿಲ್ಲೇನು? ಕುಂದರ್ರಿ ಸುಮ್ನ!”

ಅವರು ನನ್ನ ಮುಖವನ್ನೇ ನೋಡಿದರು. ತುಟಿಗಳು ಅಲುಗಿದವು, ನಿಂತವು, ಮತ್ತೆ ಅಲುಗಿದವು. ನಾನು ಮಾತು ಮುಗಿಸಿಕೊಡಲು ಬಾಯಿ ತೆರೆದೆ. ಅವರು ಎಡಗೈ ಎತ್ತಿ ತಡೆದರು. ಬಹಳ ಹೊತ್ತಿನ ಮೇಲೆ ಮಾತು ಬಂತು.

“ನೀನೂ... ಸ್ಟೀವ್.”

ಬೈಗುಳವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅವರು ಅದನ್ನು ಬೈಗುಳದ ಹಾಗೆ ಹೇಳಲಿಲ್ಲ. ದಣಿದವರು ಹೇಳುವಂತೆ ಹೇಳಿದರು. ನಾನು ನೆಲದ ಮೇಲೆ ಹರಡಿದ್ದ ಬಟ್ಟೆಗಳನ್ನು ಆರಿಸಿಕೊಳ್ಳುತ್ತ ಕೂತೆ. ಮಂಜು ಸ್ವಲ್ಪ ಹೊತ್ತು ಬಿದ್ದು ನಿಂತಿತು. ಅದನ್ನು ನಾವಿಬ್ಬರೂ ನೋಡಲಿಲ್ಲ.

ಮರುದಿನ ನಾನು ಅವರ ಮುಂದೆ ನಿಂತು, “ಏಳ್ರಿ,” ಎಂದೆ. ಕೈ ಕೊಡಲಿಲ್ಲ, ಪಕ್ಕದಲ್ಲಿ ನಿಂತೆ. ಅವರು ಎದ್ದು ಕಿಟಕಿಯವರೆಗೆ ಹೋಗಿ, ಚೌಕಟ್ಟು ಹಿಡಿದು ನಿಂತು, ಎದುರುಮನೆಯ ಕಸದ ಡಬ್ಬಿಗಳನ್ನು ಏನೋ ದೊಡ್ಡ ದೃಶ್ಯವೆಂಬಂತೆ ನೋಡಿದರು. ಅಲ್ಲಿಂದ ಮುಂದೆ ದಿನಾ ನಡೆದರು. ಕಿಟಕಿ, ಆಮೇಲೆ ಅಡುಗೆಮನೆ, ಆಮೇಲೆ ಮುಂಬಾಗಿಲು. ಪಲ್ಲವಿಗೆ ನಾನು ಇದನ್ನು ಪೂರ್ತಿ ಹೇಳಲಿಲ್ಲ. ಕೇಳಿದರೆ, ವ್ಯಾಯಾಮ ನಡೆದಿದೆ ಎನ್ನುತ್ತಿದ್ದೆ.

ಕಡೆಯ ಪಂದ್ಯ ಮಾರ್ಚಿನಲ್ಲಿ. ಸೋಲದಿದ್ದರೆ ಸಾಕು, ಸಮ ಮಾಡಿಕೊಂಡರೂ ತಂಡ ಉಳಿಯುತ್ತಿತ್ತು. ಕಣ್ಣಲ್ಲಿ ನೀರು ತರಿಸುವ ಗಾಳಿ. ಆವತ್ತು ಮೈದಾನದ ಸುತ್ತ ಎಂದೂ ಇಲ್ಲದಷ್ಟು ಜನ. ಕಾಲೇಜಿನ ಮೇಲಿನವರೂ ಉದ್ದನೆಯ ಕೋಟು ತೊಟ್ಟು ಬಂದು ನಿಂತಿದ್ದರು. ಸ್ಟೀವ್ ನಮ್ಮ ಹತ್ತಿರ ಬಂದ. ನಿದ್ದೆಗೆಟ್ಟ ಕಣ್ಣು.

“ಇವತ್ತು ಅವನು ಲೆಫ್ಟ್‌ನಲ್ಲಿ ಆಡ್ತಾನೆ. ಅವರಿಗೆ ಹೇಳಿ,” ಎಂದ.

“ಯಾಕೆ?” ಎಂದು ಕೇಳಿದೆ.

“ಗೋಡೆ ಕಟ್ಟಿ ಕಟ್ಟಿ ಸಾಕಾಯ್ತು,” ಎಂದು ಹೊರಟುಹೋದ.

ನಾನು ಹೇಳಬೇಕಾಗಿರಲಿಲ್ಲ. ನನ್ನ ಗಂಡ ಆಗಲೇ ನೋಡಿದ್ದರು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಇದ್ರಿಸ್ ನಮ್ಮ ಮುಂದಿನಿಂದ ಓಡಿ, ಒಳಗೆ ನುಗ್ಗಿ, ತಾನೇ ಹೊಡೆದು ಗೋಲು ಮಾಡಿದ. ಮೈದಾನವೆಲ್ಲ ಕೂಗು. ಈಗ ಸ್ಟೀವ್ ಕೈ ಬೀಸಿ ಎಲ್ಲರನ್ನೂ ಹಿಂದಕ್ಕೆ ಕರೆಯುತ್ತಾನೆ ಎಂದು ನಾನು ಕಾದೆ. ಹೋದನ್ ನನ್ನ ತೋಳು ಹಿಡಿದಿದ್ದಳು. ಅವನು ಕರೆಯಲಿಲ್ಲ. ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ನಿಂತಿದ್ದ. ಮುಂದಿನ ಇಪ್ಪತ್ತು ನಿಮಿಷ ಆ ಹುಡುಗರು ಆಡಿದ ಆಟವನ್ನು ನನಗೆ ವರ್ಣಿಸಲು ಬರುವುದಿಲ್ಲ. ಇಡೀ ವರ್ಷ ಕಟ್ಟಿಹಾಕಿದ್ದವರನ್ನು ಬಿಚ್ಚಿಬಿಟ್ಟಂತೆ ಆಡಿದರು. ಚೆಂಡು ಕಂಬಕ್ಕೆ ಬಡಿಯಿತು, ಇನ್ನೊಮ್ಮೆ ಎದುರಾಳಿಗಳ ಗೋಲ್‌ಕೀಪರ್ ಬೆರಳ ತುದಿಯಲ್ಲಿ ತಳ್ಳಿದ. ನನ್ನ ಗಂಡ ಕೂಗುವುದನ್ನೇ ಮರೆತಿದ್ದರು. ಊರುಗೋಲು ಹಿಡಿದು ಕುರ್ಚಿಯಿಂದ ಎದ್ದು ನಿಂತಿದ್ದರು. ನಾನು ಕೂರಿಸಲು ಹೋಗಲಿಲ್ಲ.

ವಿರಾಮದ ನಂತರ ಎದುರಾಳಿಗಳ ಕೋಚ್ ಏನು ಹೇಳಿ ಕಳಿಸಿದನೋ. ಇದ್ರಿಸ್ ಮುಂದೆ ಓಡಿದಾಗಲೆಲ್ಲ ಅವನ ಹಿಂದೆ ಖಾಲಿ ಉಳಿಯುವ ಜಾಗಕ್ಕೇ ಅವರು ಚೆಂಡು ಎತ್ತಿ ಹಾಕತೊಡಗಿದರು. ಅಲ್ಲಿ ಕಾಯುವವರೇ ಇರಲಿಲ್ಲ. ಒಂದು ಗೋಲು ಬಂತು. ಸಮವಾಯಿತು, ಪರವಾಗಿಲ್ಲ ಎಂದುಕೊಂಡೆವು. ಅದೇ ದಾರಿಯಲ್ಲಿ ಎರಡನೆಯದು ಬಂತು. ಹುಡುಗರು ಕಂಗಾಲಾಗಿ ಎಲ್ಲರೂ ಮುಂದೆ ನುಗ್ಗಿದರು. ಮೂರನೆಯದು ಬಂದಾಗ ನಮ್ಮ ಅರ್ಧ ಮೈದಾನದಲ್ಲಿ ಗೋಲ್‌ಕೀಪರ್ ಒಬ್ಬನೇ ಇದ್ದ. ಸೀಟಿ ಊದಿದ ಮೇಲೆ ಇದ್ರಿಸ್ ಕೆಸರಿನಲ್ಲಿ ಮುಖ ಕೆಳಗೆ ಮಾಡಿ ಮಲಗಿಬಿಟ್ಟ. ಹೋದನ್ ಗೆರೆ ದಾಟಿ ಮಗನ ಹತ್ತಿರ ಹೋದಳು. ಉದ್ದ ಕೋಟಿನವರು ಗಾಳಿಗೆ ಬೆನ್ನು ಮಾಡಿ ಕಟ್ಟಡದತ್ತ ನಡೆದರು.

ಸ್ಟೀವ್ ಕೊನೆಗೆ ನಮ್ಮ ಹತ್ತಿರ ಬಂದ. ಕೋಪವೇನೂ ಇರಲಿಲ್ಲ. ಬಂದು ಸಿಮೆಂಟಿನ ಮೇಲೆ ಕುರ್ಚಿಯ ಪಕ್ಕದಲ್ಲೇ ಕೂತ. ನನ್ನ ಗಂಡ ಎಡಗೈಯನ್ನು ಅವನ ಭುಜದ ಮೇಲೆ ಇಟ್ಟರು. ಬಾಯಿ ತೆರೆದು ಹುಡುಕಿದರು. ಈ ಸಲ ನಾನು ಕಾದೆ.

“ಛಲೋ ಆತು,” ಎಂದರು.

“ಏನಂದ್ರು?” ಎಂದು ಸ್ಟೀವ್ ನನ್ನನ್ನು ಕೇಳಿದ.

ನಾನು ತಡವರಿಸಿದೆ. “ಚೆನ್ನಾಗಾಯಿತು ಅಂತಾರೆ.”

“ಚೆನ್ನಾಗಾಯಿತಾ?” ಅವನು ತಲೆ ಅಲ್ಲಾಡಿಸಿದ. “ಎಲ್ಲ ಮುಗೀತು, ಶೈಲಾ. ಅಷ್ಟನ್ನು ಅವರಿಗೆ ಹೇಳಿ.”

ಅದು ಅವರಿಗೆ ಗೊತ್ತಿತ್ತು. ಆ ದಿನ ಅವರು ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ. ಮೈದಾನದಿಂದ ಬಸ್ ಸ್ಟಾಪಿನವರೆಗೆ ನಡೆದರು, ನಾನು ಖಾಲಿ ಕುರ್ಚಿ ದೂಡಿಕೊಂಡು ಪಕ್ಕದಲ್ಲಿ. ನಿಂತು, ಉಸಿರು ತೆಗೆದುಕೊಂಡು, ಮತ್ತೆ ನಡೆದು. ಬಸ್ಸುಗಳು ಒಂದಾದ ಮೇಲೊಂದು ನಮ್ಮನ್ನು ದಾಟಿಹೋದವು.

ಕೋರ್ಸನ್ನು ಮುಚ್ಚಿದರು. ಬೇಸಿಗೆಯ ಹೊತ್ತಿಗೆ ಮೈದಾನದ ಸುತ್ತ ಹಲಗೆ ಬಂದಿತ್ತು, ಅಲ್ಲಿ ಫ್ಲಾಟುಗಳು ಏಳುತ್ತವೆ ಎಂಬ ಬೋರ್ಡೂ ಬಂದಿತ್ತು. ಬುಧವಾರಗಳು ಖಾಲಿಯಾದವು. ಅದಕ್ಕೆ ಬದಲಾಗಿ ಅವರು ನಡೆದರು. ಮೊದಲು ಗೇಟು, ಆಮೇಲೆ ಅಂಚೆ ಡಬ್ಬಿ, ಆಮೇಲೆ ರಸ್ತೆಯ ತಿರುವು. ಜೂನಿನ ಒಂದು ಬೆಳಿಗ್ಗೆ, “ನಾ ಹೋಗಿ ಬರ್ತೀನಿ. ನೀ ಬರಬ್ಯಾಡ,” ಎಂದರು. ಆ ವರ್ಷವೆಲ್ಲ ಅವರು ಆಡಿದ ಅತಿ ಉದ್ದದ ಮಾತು. ನಾನು ಬಾಗಿಲಲ್ಲಿ ನಿಂತು ಕಳಿಸಿದೆ. ತಿರುವಿನಾಚೆಯ ಗುಜರಾತಿ ತರಕಾರಿ ಅಂಗಡಿಗೆ ಹೋಗಿ ಹಸಿಮೆಣಸಿನಕಾಯಿ ಕೊಂಡಿದ್ದರು. ಮರಳಿ ಬರುವಾಗ ಪಾದಚಾರಿ ದಾರಿಯ ಎದ್ದ ಕಲ್ಲಿಗೆ ಬಲಗಾಲು ಸಿಕ್ಕಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಎದೆಗೆ ಕಫ ಕಟ್ಟಿತು. ಜುಲೈ ತಿಂಗಳು ಮುಗಿಯುವುದರೊಳಗೆ ಹೋಗಿಬಿಟ್ಟರು.

ನಮ್ಮಲ್ಲಿ ಮಣ್ಣು ಮಾಡುವುದು. ಊರಿನ ಹಾಗೆ ಕೂರಿಸಿ ಮಾಡಲು ಇಲ್ಲಿ ಆಗಲಿಲ್ಲ. ಹಣೆಗೆ ವಿಭೂತಿ ಹಚ್ಚಿ, ಪೆಟ್ಟಿಗೆಯಲ್ಲಿ ಮಲಗಿಸಿಯೇ ಕಳಿಸಿದೆವು. ಹೋದನ್ ಮತ್ತು ಇದ್ರಿಸ್ ಬಂದಿದ್ದರು. ಸ್ಟೀವ್ ಬಂದಿದ್ದ. ಚಡ್ಡಿ ಬಿಟ್ಟು ಕಪ್ಪು ಸೂಟು ತೊಟ್ಟವನು ಯಾರೋ ಬೇರೆಯವನಂತೆ ಕಂಡ. ಒಂದು ಹಿಡಿ ಮಣ್ಣು ಹಾಕಿ, ನನ್ನ ಎದುರು ನಿಂತು, “ಒಂದು ಗೋಲು ಆದಮೇಲೆ ಹುಡುಗರನ್ನು ಹಿಂದೆ ಕರೆಯಬೇಕಿತ್ತೇನೋ. ಈಗಲೂ ಅದನ್ನೇ ಯೋಚಿಸ್ತೀನಿ,” ಎಂದ. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಹಿಂದಿರುಗುವಾಗ ಪಲ್ಲವಿ ಕಾರು ಓಡಿಸುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ, ಎಂದೂ ಇಲ್ಲದೆ ಕನ್ನಡದಲ್ಲಿ ಕೇಳಿದಳು.

“ಅಪ್ಪನ್ನ ಒಬ್ಬರನ್ನ ಯಾಕ್ ಬಿಟ್ಟಿ, ಅಮ್ಮಾ?”

“ಹೋಗ್ತೀನಂದ್ರು,” ಎಂದೆ. “ಹೋಗಲಿ ಅಂತ ಬಿಟ್ಟೆ.”

ಸಿಗ್ನಲ್ಲು ಹಸಿರಾಯಿತು, ಅವಳು ಕಾರು ಮುಂದೆ ತೆಗೆದಳು. ಆ ಉತ್ತರ ಅವಳಿಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಕೆಲವು ದಿನ ನನಗೂ ಆಗುವುದಿಲ್ಲ.